ಮೈಕ್ ಇಲ್ಲದ ಸಂಜೆ

ಗ್ರಾನಾಡಾ, ಸ್ಪೇನ್,
ಭಾನುವಾರ ರಾತ್ರಿ

ಅಮ್ಮನಿಗೆ ನಮಸ್ಕಾರಗಳು.

ನಾನು ಕ್ಷೇಮ. ಚಟ್ನಿಪುಡಿ ಡಬ್ಬಿ ಖಾಲಿಯಾಗಿರುವುದನ್ನು ಬಿಟ್ಟರೆ ದೂರುವಂಥದ್ದೇನೂ ಇಲ್ಲ. ಈ ವಿಷಯವನ್ನು ಫೋನಿನಲ್ಲಿ ಹೇಳಹೊರಟರೆ ಅಪ್ಪ ನಡುವೆ ಬಂದು ಊಟವಾಯಿತೇ ಎಂದು ಕೇಳುತ್ತಾರೆ, ಎಳೆ ಕಡಿದುಹೋಗುತ್ತದೆ. ಅದಕ್ಕೇ ಬರೆಯಲು ಕುಳಿತೆ.

ನಿನ್ನೆ ಸಂಜೆ ಒಂದು ಗಿಟಾರ್ ಕಛೇರಿಗೆ ಹೋಗಿದ್ದೆ. ಎದುರು ಮನೆಯ ಹುಡುಗ ತಾರಸಿಯಲ್ಲಿ ಬಾರಿಸಿ ನಿನ್ನ ಮಧ್ಯಾಹ್ನದ ನಿದ್ದೆ ಕೆಡಿಸುತ್ತಿದ್ದನಲ್ಲ, ಆ ಗಿಟಾರ್ ಅಲ್ಲ. ಇದಕ್ಕೆ ನೈಲಾನ್ ತಂತಿ. ಎಡಗಾಲನ್ನು ಪುಟ್ಟ ಮಣೆಯ ಮೇಲಿಟ್ಟು, ವಾದ್ಯವನ್ನು ತೊಡೆಗೆ ಒರಗಿಸಿಕೊಂಡು, ನೀನು ವೀಣೆ ಮೀಟುವ ಹಾಗೆಯೇ ಉಗುರಿನಿಂದ ಮೀಟುತ್ತಾರೆ. ಹಳೆಯ ಕಲ್ಲಿನ ಕಟ್ಟಡ, ನೂರೈವತ್ತು ಕುರ್ಚಿ ಇದ್ದಿರಬಹುದು. ಕುಳಿತ ತಕ್ಷಣ ಮೈಕ್ ಎಲ್ಲಿದೆ ಎಂದು ಹುಡುಕಿದೆ. ಇರಲೇ ಇಲ್ಲ.

ಮೊದಲು ವಿದ್ಯಾರ್ಥಿಗಳ ವೃಂದ. ಹನ್ನೆರಡು ಗಿಟಾರ್ ಎಂದರೆ ಎಪ್ಪತ್ತೆರಡು ತಂತಿ! ಶ್ರುತಿ ಕೂಡಿಸುವುದರಲ್ಲೇ ಐದಾರು ನಿಮಿಷ ಕಳೆಯಿತು. ಒಂದು ಹುಡುಗಿ ಮಾತ್ರ ಎಲ್ಲರೂ ಮುಗಿಸಿದ ಮೇಲೂ ಬಿರಡೆ ತಿರುಗಿಸುತ್ತಲೇ ಇದ್ದಳು. ನಿನ್ನ ಶಿಷ್ಯೆಯಾಗಲು ಯೋಗ್ಯಳು. ಕ್ಯೂಬಾದ ಲಿಯೋ ಬ್ರೌವರ್ 1984ರಲ್ಲಿ ನಾಲ್ಕು ಗಿಟಾರ್‌ಗಳಿಗೆಂದು ರಚಿಸಿದ, ಮಳೆಯನ್ನು ಕುರಿತ ಕೃತಿಯನ್ನು ಹನ್ನೆರಡೂ ಮಂದಿ ಹಂಚಿಕೊಂಡು ನುಡಿಸಿದರು. ಇಲ್ಲೊಂದು ಸ್ವರ, ಅಲ್ಲೊಂದು ಸ್ವರ, ನಡುವೆ ಬರೀ ಮೌನ. ಯಾರ ವಾದ್ಯದಿಂದ ಬಂತೆಂದು ತಿರುಗಿ ನೋಡುವಷ್ಟರಲ್ಲಿ ಇನ್ನೊಂದು ಮೂಲೆಯಲ್ಲಿ ಹನಿ. ಹನಿಗಳು ಒತ್ತೊತ್ತಾಗಿ ಬರಬರುತ್ತಾ ಮಳೆ ಹಿಡಿದೇಬಿಟ್ಟಿತು. ಕೊನೆಗೆ ತಂತಿಯನ್ನು ಎತ್ತಿ ಮರಕ್ಕೆ ಅಪ್ಪಳಿಸುವಂತೆ ಬಿಟ್ಟರು ನೋಡು, ಸಾಕ್ಷಾತ್ ಆಲಿಕಲ್ಲು. ತಾರಸಿಯ ಹಪ್ಪಳ ಎತ್ತಲು ನೀನು ನನ್ನ ಹೆಸರು ಕೂಗುತ್ತಾ ಓಡುವುದೊಂದು ಬಾಕಿಯಿತ್ತು.

ನಡುವೆ ನುಡಿಸಿದ ಎರಡು ಕೃತಿಗಳು ನನಗೆ ಅಷ್ಟಾಗಿ ಹತ್ತಲಿಲ್ಲ.

ಆಮೇಲೆ ಒಬ್ಬರದೇ ವಾದನ. ನಿನ್ನ ವಯಸ್ಸಿನ ಒಬ್ಬ ಹೆಂಗಸು ಬಂದು ಕುಳಿತು, ಇದೇ ಊರಿನ ಅಲ್‌ಹಂಬ್ರಾ ಅರಮನೆಯ ನೆನಪಿಗೆಂದು ಫ್ರಾನ್ಸಿಸ್ಕೋ ತಾರ್ರೆಗಾ ರಚಿಸಿದ್ದನ್ನು ನುಡಿಸಿದರು. ಹೆಬ್ಬೆರಳು ಕೆಳಗಿನ ಸ್ವರಗಳನ್ನು ಮೀಟುತ್ತಾ ನಡೆಯುತ್ತದೆ. ಅದರ ಬೆನ್ನಿಗೇ ಉಂಗುರದ ಬೆರಳು, ನಡುಬೆರಳು, ತೋರುಬೆರಳು ಒಂದೇ ಸ್ವರವನ್ನು ಸರಸರನೆ ಮೂರು ಸಲ ತಟ್ಟುತ್ತವೆ. ಗಮಕ ಎಲ್ಲಿ ಎಂದು ನೀನು ಕೇಳುತ್ತೀಯ. ಸ್ವರವನ್ನು ಓಲಾಡಿಸುವ ವೀಣೆಯ ಗಮಕ ಇದಕ್ಕಿಲ್ಲ, ಎಳೆದು ನಿಲ್ಲಿಸುವಷ್ಟು ನಾದವೂ ಇಲ್ಲ. ಮೀಟಿದ ಮರುಕ್ಷಣವೇ ಆರತೊಡಗುವ ಸ್ವರವನ್ನು ಹೀಗೆ ತಟ್ಟಿ ತಟ್ಟಿ ಉಳಿಸಿಕೊಳ್ಳುತ್ತಾರೆ. ಮೊದಲರ್ಧ ನನ್ನ ಕಿವಿಗೆ ಕೀರವಾಣಿ ರಾಗದಂತೆ ಕೇಳಿಸಿತು, ಆಮೇಲೆ ಇದ್ದಕ್ಕಿದ್ದಂತೆ ಶಂಕರಾಭರಣ. ಸದ್ದು ಎಷ್ಟು ಸಣ್ಣದೆಂದರೆ, ನನ್ನ ಪಕ್ಕದ ಮುದುಕರು ಕೆಮ್ಮು ಬಂದಾಗ ಮಫ್ಲರನ್ನು ಬಾಯಿಗೆ ತುರುಕಿಕೊಂಡರು. ಯಾರೂ ಕುರ್ಚಿಗೆ ಒರಗಿರಲಿಲ್ಲ. ಸಭೆಯೆಲ್ಲ ಒಂದಿಷ್ಟು ಮುಂದಕ್ಕೆ ಬಾಗಿತ್ತು.

ಆಗ ನನಗೆ ರಾಮನವಮಿ ಪೆಂಡಾಲಿನ ನಿನ್ನ ಕಛೇರಿ ನೆನಪಾಯಿತು. ಹಿಂದಿನ ಸಾಲಿಗೆ ಕೇಳಿಸುವುದಿಲ್ಲ ಎಂದು ಹಟ ಹಿಡಿದು ವೀಣೆಯ ಕೊಡಕ್ಕೆ ಆ ಕಾಂಟ್ಯಾಕ್ಟ್ ಮೈಕ್ ಅಂಟಿಸಿದವನು ನಾನೇ ತಾನೇ? ನೀನು ಏನೂ ಹೇಳಲಿಲ್ಲ. ಆ ರಾತ್ರಿ ನಾನು ನೀರು ಕುಡಿಯಲು ಎದ್ದಾಗ ನೀನು ನಡುಮನೆಯಲ್ಲಿ ದೀಪ ಹಾಕದೆ ಕುಳಿತು ಅದೇ ಕಲ್ಯಾಣಿಯನ್ನು ಮತ್ತೆ ನುಡಿಸುತ್ತಿದ್ದೆ. ನಿದ್ದೆ ಬರಲಿಲ್ಲವೇನೋ ಎಂದುಕೊಂಡು ಹೋಗಿ ಮಲಗಿದೆ. ನಿನ್ನೆಯವರೆಗೂ ಹಾಗೆಯೇ ಅಂದುಕೊಂಡಿದ್ದೆ.

ಅಪ್ಪನಿಗೆ ಹೇಳು: ಅಲ್‌ಹಂಬ್ರಾಕ್ಕೆ ಹತ್ತುವ ಗೋಮೆರೆಸ್ ಏರುದಾರಿಯಲ್ಲಿ ಗಿಟಾರ್ ತಯಾರಿಸುವವರ ಅಂಗಡಿಗಳಿವೆ. ಅಲ್ಲೊಬ್ಬರು ಗಿಟಾರಿನ ಬೆನ್ನು ತಿರುಗಿಸಿ, ಇದು ನಿಮ್ಮ ದೇಶದ ಮರ ಎಂದರು. ನೋಡಿದರೆ ಬೀಟೆ! ಅಜ್ಜನ ಮಂಚದ್ದೇ ಬಣ್ಣ, ಅದೇ ಕಪ್ಪು ಗೆರೆ.

ಕಛೇರಿ ಮುಗಿದ ಮೇಲೆ ಆ ಕಲಾವಿದೆಯನ್ನು ಮಾತನಾಡಿಸಿದೆ. ನನ್ನ ಹರಕು ಸ್ಪ್ಯಾನಿಷ್‌ನಲ್ಲಿ ನಿನ್ನ ವೀಣೆಯ ವಿಷಯ ಹೇಳಿದ್ದೇ ತಡ, ಅವರು ಕೇಳಿದ ಮೊದಲ ಪ್ರಶ್ನೆ, ನಿಮ್ಮ ತಾಯಿ ಉಗುರನ್ನು ಹೇಗೆ ಕಾಪಾಡಿಕೊಳ್ಳುತ್ತಾರೆ ಎಂದು. ತಾರ್ರೆಗಾ ಕೊನೆಗಾಲದಲ್ಲಿ ಉಗುರು ಕತ್ತರಿಸಿಕೊಂಡು ಬೆರಳ ತುದಿಯಿಂದಲೇ ನುಡಿಸುತ್ತಿದ್ದರಂತೆ, ತಮಗೆ ಅಷ್ಟು ಧೈರ್ಯವಿಲ್ಲ ಎಂದು ನಕ್ಕರು. ಪೆಟ್ಟಿಗೆಯಿಂದ ಬಲು ನಯವಾದ ಮರಳು ಕಾಗದದ ಎರಡು ತುಂಡು ತೆಗೆದು ಕೊಟ್ಟರು. ಈ ಲಕೋಟೆಯಲ್ಲಿ ಇಟ್ಟಿದ್ದೇನೆ. ನುಡಿಸುವ ಮೊದಲು ಉಗುರಿನ ಅಂಚನ್ನು ಹಗುರವಾಗಿ ಉಜ್ಜಿಕೊಳ್ಳಬೇಕು. ನಡುಬೆರಳಿನ ಉಗುರು ಮತ್ತೆ ಸೀಳಿದೆ ಎಂದಿದ್ದೆಯಲ್ಲ, ಅದು ಬೆಳೆಯುವವರೆಗಾದರೂ ಕಾಯಿ ತುರಿಯುವ ಕೆಲಸವನ್ನು ಅಪ್ಪನಿಗೆ ಒಪ್ಪಿಸು.

ಇತಿ,
ನಿನ್ನ ಪುಟ್ಟ