45 ನಿಮಿಷ 24 ಸೆಕೆಂಡಿನ ಭೂಮಿ: ಪೋಷಕರಿಗೊಂದು ಪತ್ರ

ಪ್ರೀತಿಯ ಪೋಷಕರಿಗೆ ನಮಸ್ಕಾರ.

ಕಳೆದ ವಾರ ಒಬ್ಬ ತಾಯಿ ನನ್ನ ಕೋಣೆಗೆ ಬಂದು ಕೂತರು. ಅವರ ಮಗ ಈ ವರ್ಷದ ಸಂಗೀತ ಕಾರ್ಯಕ್ರಮದಲ್ಲಿ ಟ್ರಯಾಂಗಲ್ ಎಂಬ ಮುಕ್ಕೋನದ ಲೋಹದ ವಾದ್ಯ ಬಾರಿಸುತ್ತಾನೆ. "ಮೇಡಂ, ಮುಕ್ಕಾಲು ಗಂಟೆ ನಿಂತಿದ್ದು ಒಂದೇ ಒಂದು ಸಲ ಟಿಂಗ್ ಅನ್ಸೋದಾ? ಅದಕ್ಕೆ ಒಂದೂವರೆ ತಿಂಗಳು ಪ್ರಾಕ್ಟೀಸಾ?" ಅಂತ ಕೇಳಿದರು. ಕೇಳಬೇಕಾದ ಪ್ರಶ್ನೆಯೇ. ಅವರಿಗೆ ಹೇಳಿದ್ದನ್ನು ನಿಮ್ಮೆಲ್ಲರಿಗೂ ಹೇಳಿಬಿಡೋಣ ಅಂತ ಈ ಪತ್ರ. ಸ್ವಲ್ಪ ಉದ್ದವಾಗಿದೆ, ಬೇಸರ ಮಾಡ್ಕೋಬೇಡಿ.

ಈ ಸಲ ನಮ್ಮ ಮಕ್ಕಳ ಆರ್ಕೆಸ್ಟ್ರಾ ಭೂಮಿಯ ಕಥೆ ನುಡಿಸುತ್ತಿದೆ. ಹಾಡಿಲ್ಲ, ಮಾತಿಲ್ಲ, ವೇಷವಿಲ್ಲ. ಬರೀ ವಾದ್ಯ. ಭೂಮಿಗೆ ಸುಮಾರು 454 ಕೋಟಿ ವರ್ಷ. ನಮ್ಮ ಸಂಗೀತದ ಮೇಷ್ಟ್ರು, ವಿಜ್ಞಾನದ ಮೇಡಂ ಇಬ್ಬರೂ ಸೇರಿ ಒಂದು ಲೆಕ್ಕ ಹಾಕಿದರು. ನಿಮಿಷಕ್ಕೆ 10 ಕೋಟಿ ವರ್ಷ. ಆಗ ಇಡೀ ಕಥೆ 45 ನಿಮಿಷ 24 ಸೆಕೆಂಡಿಗೆ ಮುಗಿಯುತ್ತದೆ. ಒಂದು ಸೆಕೆಂಡಿಗೆ ಹತ್ತಿರ ಹತ್ತಿರ 17 ಲಕ್ಷ ವರ್ಷ ಬಂತು. ಚೆನ್ನಾಗಿದೆ ಅಂತ ಒಂದನ್ನು ಎಳೆಯುವ ಹಾಗಿಲ್ಲ, ಬೇಜಾರು ಅಂತ ಇನ್ನೊಂದನ್ನು ಕತ್ತರಿಸುವ ಹಾಗಿಲ್ಲ. ಇರುವುದು ಇದೊಂದೇ ನಿಯಮ. ನಮ್ಮೆಲ್ಲರ ತಲೆ ತಿಂದಿದ್ದೂ ಇದೇ.

"454 ಕೋಟಿ ಅಂತ ಯಾರು ನೋಡಿದ್ದಾರೆ?" ಅಂತ ಡ್ರಮ್ ಬಾರಿಸುವ ಹುಡುಗನೊಬ್ಬ ಮೊದಲ ದಿನವೇ ಕೇಳಿದ. ಯಾರೂ ನೋಡಿಲ್ಲ. ಆದರೆ ಯುರೇನಿಯಂ ತನ್ನದೇ ವೇಗದಲ್ಲಿ ಕ್ಷಯಿಸಿ ಸೀಸವಾಗುತ್ತಾ ಹೋಗುತ್ತದೆ, ಆ ವೇಗ ನಮಗೆ ಗೊತ್ತು. 1956ರಲ್ಲಿ ಕ್ಲೇರ್ ಪ್ಯಾಟರ್ಸನ್ ಎಂಬ ವಿಜ್ಞಾನಿ ಭೂಮಿಯ ಜೊತೆಗೇ ಹುಟ್ಟಿದ ಉಲ್ಕಾಶಿಲೆಗಳಲ್ಲಿದ್ದ ಸೀಸವನ್ನು ಅಳೆದು 455 ಕೋಟಿ ವರ್ಷ ಎಂದರು. ಇಷ್ಟು ವರ್ಷವಾದರೂ ಆ ಸಂಖ್ಯೆ ಹೆಚ್ಚೇನೂ ಅಲುಗಾಡಿಲ್ಲ.

ಶುರುವಿನಲ್ಲಿ ಗದ್ದಲ ಜಾಸ್ತಿ. ಮೊದಲ ನಿಮಿಷದೊಳಗೇ ಮಂಗಳ ಗ್ರಹದಷ್ಟು ದೊಡ್ಡದೊಂದು ಬಂದು ಭೂಮಿಗೆ ಗುದ್ದುತ್ತದೆ. ಚಂದ್ರ ಹುಟ್ಟಿದ್ದು ಹೀಗೆ ಅಂತ ಹೆಚ್ಚಿನ ವಿಜ್ಞಾನಿಗಳ ಅಭಿಪ್ರಾಯ. ಚಿಕ್ಕ ಮಕ್ಕಳನ್ನು ಕರೆತರುವವರು ಹಿಂದಿನ ಸಾಲುಗಳಲ್ಲಿ ಕೂತರೆ ಒಳ್ಳೆಯದು. ಆಮೇಲೆ ಅರ್ಧ ನಿಮಿಷ ಕಳೆಯುವಷ್ಟರಲ್ಲಿ ಲೋಹದ ಪಟ್ಟಿಗಳ ವಾದ್ಯವಾದ ಗ್ಲಾಕನ್‌ಸ್ಪೀಲ್‌ನಲ್ಲಿ ಒಂದೇ ಒಂದು ಸಣ್ಣ ನಾದ ಕೇಳುತ್ತದೆ. ಅದು ಆಸ್ಟ್ರೇಲಿಯಾದ ಜ್ಯಾಕ್ ಹಿಲ್ಸ್‌ನಲ್ಲಿ ಸಿಕ್ಕ ಜಿರ್ಕಾನ್ ಹರಳು. ಮರಳಿನ ಕಾಳಿನಷ್ಟು ಚಿಕ್ಕದು, ವಯಸ್ಸು ಮಾತ್ರ 440 ಕೋಟಿ ವರ್ಷ. ಹತ್ತನೇ ನಿಮಿಷ ದಾಟಿದ ಮೇಲೆ ಸೂಕ್ಷ್ಮಜೀವಿಗಳು ಬರುತ್ತವೆ. ವಯೋಲಾ ಮೆಲ್ಲಗೆ ಮಿಡಿಯುತ್ತದೆ, ಅಷ್ಟೇ.

20ನೇ ನಿಮಿಷದ ಆಸುಪಾಸನ್ನು ಮಾತ್ರ ಕಿವಿಗೊಟ್ಟು ಕೇಳಿ. ಆಗಿನ ಸಮುದ್ರದ ನೀರಿನಲ್ಲಿ ಕಬ್ಬಿಣ ಕರಗಿತ್ತು. ಸೂಕ್ಷ್ಮಜೀವಿಗಳು ಆಮ್ಲಜನಕ ಬಿಡತೊಡಗಿದವು. ಆ ಕಬ್ಬಿಣಕ್ಕೆಲ್ಲ ತುಕ್ಕು ಹಿಡಿಯಿತು, ಪದರ ಪದರವಾಗಿ ತಳ ಸೇರಿತು. ಟ್ರಂಬೋನ್‌ಗಳ ಸ್ವರ ಮೇಲಿನಿಂದ ಕೆಳಗೆ ಜಾರುವುದು ಅದಕ್ಕೇ. ಇದನ್ನು ನೆನಪಿಟ್ಟುಕೊಳ್ಳಿ, ಕೊನೆಯಲ್ಲಿ ಬೇಕಾಗುತ್ತದೆ.

ಈಗ ದೂರು ಬರುವ ಜಾಗಕ್ಕೆ ಬರೋಣ. 27ನೇ ನಿಮಿಷದಿಂದ 37ನೇ ನಿಮಿಷದವರೆಗೆ ಏನೂ ಆಗುವುದಿಲ್ಲ. ನಿಜಕ್ಕೂ ಏನೂ ಆಗುವುದಿಲ್ಲ. ಡಬಲ್ ಬಾಸ್, ಚೆಲ್ಲೋ ಎರಡೂ ಒಂದೇ ಮಂದ್ರ ಸ್ವರವನ್ನು ಹತ್ತು ನಿಮಿಷ ಹಿಡಿದಿರುತ್ತವೆ. 180 ಕೋಟಿ ವರ್ಷದ ಹಿಂದಿನಿಂದ 80 ಕೋಟಿ ವರ್ಷದ ಹಿಂದಿನವರೆಗಿನ ಕಾಲ ಇದು. ವಿಜ್ಞಾನಿಗಳೇ ಇದಕ್ಕೆ 'ಬೋರಿಂಗ್ ಬಿಲಿಯನ್' (ಬೇಜಾರಿನ ನೂರು ಕೋಟಿ ವರ್ಷ) ಅಂತ ಅಡ್ಡಹೆಸರಿಟ್ಟಿದ್ದಾರೆ. ಆಮ್ಲಜನಕ ಕಡಿಮೆಯೇ ಇತ್ತು, ಹವಾಮಾನ ಹೆಚ್ಚು ಏರುಪೇರಾಗಲಿಲ್ಲ, ಜೀವಿಗಳೂ ತಮ್ಮ ಪಾಡಿಗೆ ತಾವಿದ್ದವು.

ಇದಕ್ಕೆ ಕತ್ತರಿ ಹಾಕೋಣ ಅಂದವಳು ನಾನೇ. ಹತ್ತು ನಿಮಿಷ ಒಂದೇ ಸ್ವರ ಅಂದರೆ ನೀವೆಲ್ಲ ಎದ್ದು ಹೋಗ್ತೀರಿ ಅಂತ ಭಯ. ಎರಡು ನಿಮಿಷಕ್ಕೆ ಇಳಿಸಿ ಅಂದೆ. ಮೇಷ್ಟ್ರು ಏನೂ ಹೇಳಲಿಲ್ಲ. ಚೆಲ್ಲೋ ನುಡಿಸುವ ಏಳನೇ ತರಗತಿಯ ಹುಡುಗಿ ಕಮಾನು ಕೆಳಗಿಟ್ಟು, "ಹಾಗೆ ಮಾಡಿದ್ರೆ ಆಮೇಲೆ ಬರೋದೆಲ್ಲ ತಡವಾಗಿ ಬಂತು ಅಂತ ಅನ್ಸೋದೇ ಇಲ್ವಲ್ಲ ಮೇಡಂ" ಅಂದಳು. ನನ್ನ ಹತ್ತಿರ ಉತ್ತರವಿರಲಿಲ್ಲ. ಹತ್ತು ನಿಮಿಷ ಹಾಗೆಯೇ ಉಳಿಯಿತು.

ಮನೆಯಲ್ಲಿ "ಕೈ ನೋವು" ಅನ್ನುತ್ತಿರುವವರು ಈ ಚೆಲ್ಲೋ ಮಕ್ಕಳೇ ಇರಬೇಕು. ಕಳೆದ ವಾರದಿಂದ ಎರಡು ಗುಂಪು ಮಾಡಿದ್ದೇವೆ. ಒಂದು ಗುಂಪು ಕಮಾನು ಎತ್ತುವ ಮೊದಲೇ ಇನ್ನೊಂದು ಗುಂಪು ಸ್ವರ ಹಿಡಿಯುತ್ತದೆ. ಹಾಗಾಗಿ ನೋವು ಕಡಿಮೆಯಾಗಿದೆ. ಅಂದಹಾಗೆ, ಪೂರ್ತಿ ಏನೂ ಇಲ್ಲ ಅಂದಿದ್ದು ಸುಳ್ಳು. 35ನೇ ನಿಮಿಷದ ಹತ್ತಿರ ಒಂದು ಕೊಳಲು, ಒಂದು ಕ್ಲಾರಿನೆಟ್ ತಮ್ಮ ರಾಗದ ಅರ್ಧರ್ಧವನ್ನು ಅದಲುಬದಲು ಮಾಡಿಕೊಳ್ಳುತ್ತವೆ. 105 ಕೋಟಿ ವರ್ಷ ಹಳೆಯ ಒಂದು ಕೆಂಪು ಪಾಚಿಯ ಪಳೆಯುಳಿಕೆ ಸಿಕ್ಕಿದೆ. ಗಂಡು ಹೆಣ್ಣು ಕೂಡಿ ಸಂತಾನ ಪಡೆದದ್ದಕ್ಕೆ ನಮಗೆ ಸಿಕ್ಕಿರುವ ತುಂಬಾ ಹಳೆಯ ಗುರುತುಗಳಲ್ಲಿ ಅದೂ ಒಂದು. ತೂಕಡಿಸಿದರೆ ಇದು ತಪ್ಪಿಹೋಗುತ್ತದೆ.

38ನೇ ನಿಮಿಷ ದಾಟಿದ ಕೂಡಲೇ ಭೂಮಿ ಹೆಪ್ಪುಗಟ್ಟುತ್ತದೆ. ಸಮಭಾಜಕದ ತನಕ ಹಿಮ. ವಯಲಿನ್ ಮಕ್ಕಳು ಕಮಾನನ್ನು ಕುದುರೆಯ (ತಂತಿಗಳನ್ನು ಎತ್ತಿ ಹಿಡಿಯುವ ಮರದ ತುಂಡು) ಪಕ್ಕಕ್ಕೆ ತಂದು ತಂತಿಯನ್ನು ಸುಮ್ನೆ ಸವರುತ್ತಾರೆ, ಗಾಜು ಗೀರಿದ ಹಾಗೆ ಕೇಳುತ್ತದೆ. 34 ಸೆಕೆಂಡ್ ಅದೇ. ಸರಿಯಾಗಿ 40ನೇ ನಿಮಿಷಕ್ಕೆ ಕೇಂಬ್ರಿಯನ್ ಯುಗ ಬರುತ್ತದೆ. ಕಣ್ಣು, ಕಾಲು, ಚಿಪ್ಪು ಇರುವ ಪ್ರಾಣಿಗಳು ನುಗ್ಗುತ್ತವೆ, ಎಲ್ಲ ವಾದ್ಯಗಳೂ ಒಟ್ಟಿಗೆ ನುಡಿಯುತ್ತವೆ. ಇಡೀ ಕಾರ್ಯಕ್ರಮದಲ್ಲಿ ನಿಮಗೆ ಜಾಸ್ತಿ ಇಷ್ಟವಾಗುವುದು ಇದೇ ಇರಬಹುದು. ಅದರ ಬಗ್ಗೆ ನಾನು ಹೇಳುವುದೇನೂ ಇಲ್ಲ.

42 ನಿಮಿಷ 53 ಸೆಕೆಂಡಿಗೆ ನಿಮ್ಮ ಮಗು ಇದ್ದಕ್ಕಿದ್ದಂತೆ ನುಡಿಸುವುದನ್ನು ನಿಲ್ಲಿಸಿದರೆ ಗಾಬರಿಯಾಗಬೇಡಿ. ಅದು ಪರ್ಮಿಯನ್ ಯುಗದ ಕೊನೆ, 25.2 ಕೋಟಿ ವರ್ಷಗಳ ಹಿಂದಿನದು. ಸೈಬೀರಿಯಾದಲ್ಲಿ ಲಾವಾ ಉಕ್ಕಿತು, ಗಾಳಿಯೂ ಸಮುದ್ರವೂ ಕೆಟ್ಟವು. ಸಮುದ್ರಜೀವಿಗಳ ಹತ್ತು ಜಾತಿಗಳಲ್ಲಿ ಎಂಟಕ್ಕಿಂತ ಹೆಚ್ಚು ಅಳಿದವು. ಅದಕ್ಕೇ ನಮ್ಮ 60 ಮಕ್ಕಳಲ್ಲಿ 50 ಮಂದಿ ನಿಲ್ಲಿಸುತ್ತಾರೆ. ಮೊದಲು ಒಬ್ಬೊಬ್ಬರಾಗಿ ನಿಲ್ಲಿಸೋಣ ಅಂತಿತ್ತು. ಕೇಳುವುದಕ್ಕೂ ಚೆನ್ನಾಗಿರುತ್ತಿತ್ತು. ಆದರೆ ಆ ಅಳಿವು ನಡೆದದ್ದು ಸುಮಾರು 60 ಸಾವಿರ ವರ್ಷಗಳಲ್ಲಿ. ನಮ್ಮ ಲೆಕ್ಕದಲ್ಲಿ ಅದು ಕಣ್ಣು ಮಿಟುಕಿಸುವಷ್ಟೂ ಇಲ್ಲ. ಹಾಗಾಗಿ 50 ಜನ ಒಂದೇ ಕ್ಷಣಕ್ಕೆ ನಿಲ್ಲಬೇಕು. ಒಟ್ಟಿಗೆ ಶುರು ಮಾಡುವುದು ಸುಲಭ, ಒಟ್ಟಿಗೆ ನಿಲ್ಲುವುದು ಎಷ್ಟು ಕಷ್ಟ ಅಂತ ನನಗೆ ಗೊತ್ತಾಗಿದ್ದು ಈಗಲೇ. ನಿನ್ನೆಯೂ ಒಂದು ಓಬೋ (ಊದುವ ವಾದ್ಯ) ಒಂಟಿಯಾಗಿ ಉಳಿದುಬಿಟ್ಟಿತು. ಎಲ್ಲರೂ ನಕ್ಕರು, ಆ ಮಗುವೂ ನಕ್ಕಿತು.

ಡೈನೋಸಾರ್‌ಗಳಿಗೆ ಸಿಕ್ಕಿರುವುದು ಬರೀ ಒಂದೂವರೆ ನಿಮಿಷ ಚಿಲ್ಲರೆ. ಈ ವಿಷಯದಲ್ಲಿ ಐದನೇ ತರಗತಿಯವರಿಗೆ ನನ್ನ ಮೇಲೆ ಇನ್ನೂ ಕೋಪವಿದೆ. 44 ನಿಮಿಷ 44 ಸೆಕೆಂಡಿಗೆ ಮೆಕ್ಸಿಕೋದ ಚಿಕ್‌ಶುಲೂಬ್‌ನಲ್ಲಿ ಸುಮಾರು 10 ಕಿಲೋಮೀಟರ್ ಅಗಲದ ಕ್ಷುದ್ರಗ್ರಹ ಬೀಳುತ್ತದೆ, ದೊಡ್ಡ ಡ್ರಮ್ಮಿಗೆ ಒಂದು ಏಟು. ಉಳಿಯುವುದು 40 ಸೆಕೆಂಡ್. ಅದರಲ್ಲೇ ಹಿಮಾಲಯ ಏಳಬೇಕು, ಹುಲ್ಲುಗಾವಲು ಹರಡಬೇಕು.

ಕೊನೆಗೆ ಟ್ರಯಾಂಗಲ್. ಅದು ಮನುಷ್ಯ, ಅಂದರೆ ನಾವು. ಮನುಷ್ಯ ಜಾತಿಗೆ ಸುಮಾರು 3 ಲಕ್ಷ ವರ್ಷ, ಅಂದರೆ ಸೆಕೆಂಡಿನ ಐದನೇ ಒಂದು ಭಾಗವೂ ಆಗಲಿಲ್ಲ. ಟ್ರಯಾಂಗಲ್ಲಿಗೆ ಒಮ್ಮೆ ತಟ್ಟಿ ಬಿಟ್ಟರೆ ಎಷ್ಟೋ ಸೆಕೆಂಡ್ ಗುಂಯ್‌ಗುಡುತ್ತಲೇ ಇರುತ್ತದೆ. ಹಾಗೆ ಬಿಟ್ಟರೆ ಲೆಕ್ಕ ತಪ್ಪುತ್ತದೆ. ಆ ಹುಡುಗ ಬಲಗೈಯಲ್ಲಿ ತಟ್ಟಿ, ತಟ್ಟಿದ ತಕ್ಷಣ ಎಡಗೈಯ ಎರಡು ಬೆರಳಿನಿಂದ ಹಿಡಿದು ನಿಲ್ಲಿಸಬೇಕು. ಬೇಗ ಹಿಡಿದರೆ ನಾದವೇ ಹುಟ್ಟುವುದಿಲ್ಲ. ತಡವಾದರೆ ಭವಿಷ್ಯಕ್ಕೆ ಹೋಗಿಬಿಡುತ್ತಾನೆ. ಅದಕ್ಕೇ ಒಂದೂವರೆ ತಿಂಗಳು. ಅವನ ಕೈಯಲ್ಲಿರುವುದು ಉಕ್ಕಿನ ಟ್ರಯಾಂಗಲ್. ಇವತ್ತು ನಾವು ಅಗೆಯುವ ಕಬ್ಬಿಣದ ಅದಿರಿನಲ್ಲಿ ಹೆಚ್ಚಿನದು ಅದೇ 20ನೇ ನಿಮಿಷದ ಹೊತ್ತಿಗೆ ಸಮುದ್ರದ ತಳ ಸೇರಿದ ತುಕ್ಕು. ಇದನ್ನು ಹೇಳಿದಾಗ ಆ ತಾಯಿ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಅಲ್ಲಿಯವರೆಗೆ ಅವನು ಏನು ಮಾಡ್ತಿರ್ತಾನೆ?" ಅಂದರು. ಎಣಿಸುತ್ತಿರುತ್ತಾನೆ, ಅಂದೆ.

ಕಾರ್ಯಕ್ರಮ ಮುಂದಿನ ತಿಂಗಳ ಎರಡನೇ ಶನಿವಾರ, ಸಂಜೆ 5 ಗಂಟೆಗೆ, ನಮ್ಮ ಸಭಾಂಗಣದಲ್ಲಿ. ಮಕ್ಕಳು 4 ಗಂಟೆಗೇ ಬಂದಿರಲಿ. ಕಪ್ಪು ಬಟ್ಟೆ ಸಾಕು, ಹೊಸದು ಕೊಳ್ಳಬೇಡಿ. ಮೊಬೈಲ್ ಆಫ್ ಮಾಡಿ, ಹಿಮದ ಹೊತ್ತಿನಲ್ಲಂತೂ ದಯವಿಟ್ಟು. ನಡುವೆ ಚಪ್ಪಾಳೆ ಬೇಡ, ಮಕ್ಕಳ ಎಣಿಕೆ ತಪ್ಪುತ್ತದೆ. ಬಾಗಿಲನ್ನು 5 ಗಂಟೆಗೆ ಸರಿಯಾಗಿ ಹಾಕುತ್ತೇವೆ. ಐದು ನಿಮಿಷ ತಡವಾಗಿ ಬಂದವರಿಗೆ 50 ಕೋಟಿ ವರ್ಷ ತಪ್ಪಿಹೋಗುತ್ತದೆ.

ಇಂತಿ ನಿಮ್ಮ,
ಮುಖ್ಯ ಶಿಕ್ಷಕಿ