ಪ್ಯಾಡಲ್ ಪರೀಕ್ಷೆ ಕಿಚನ್ ಗೆರೆ ಹತ್ರ ಆಗ್ಲಿ

ಮಾನ್ಯ ಸಂಪಾದಕರಿಗೆ ನಮಸ್ಕಾರ,

ಹೋದ ಭಾನುವಾರದ ಪುರವಣಿಯಲ್ಲಿ ಹೊಸ ಪಿಕಲ್‌ಬಾಲ್ ಪ್ಯಾಡಲ್‌ಗಳ ಬಗ್ಗೆ ಬಂದ ಬರಹ ಓದ್ದೆ (ತೂತಿರೋ ಪ್ಲಾಸ್ಟಿಕ್ ಬಾಲನ್ನ ಪ್ಯಾಡಲ್ ಅನ್ನೋ ಚಪ್ಪಟೆ ಬ್ಯಾಟಲ್ಲಿ ನೆಟ್ ದಾಟಿಸಿ ಆಡೋ ಆಟ ಇದು), ಕನ್ನಡ ಪೇಪರಲ್ಲಿ ಈ ಆಟಕ್ಕೆ ಅರ್ಧ ಪುಟ ಕೊಟ್ಟಿದ್ದು ನೋಡಿ ನಿಜವಾಗ್ಲೂ ಖುಷಿ ಆಯ್ತು. ಆದ್ರೆ ಅದ್ರಲ್ಲಿದ್ದಿದ್ದು ಬಾಕ್ಸ್ ಮೇಲೆ ಬರೆದಿರೋ ವಿಷಯನೇ, ಕಾರ್ಬನ್ ಫೈಬರ್, ಪವರ್, ಸ್ಪಿನ್, ರೇಟು. ಕೋರ್ಟಿಗೆ ಇಳಿದ್ರೆ ಆ ಪ್ಯಾಡಲ್ ಹೆಂಗೆ ಆಡುತ್ತೆ ಅನ್ನೋದಕ್ಕೆ ಒಂದು ಸಾಲೂ ಇರ್ಲಿಲ್ಲ. ಬರೀ ಪವರ್ ನೋಡಿ ಪ್ಯಾಡಲ್ ತಗೊಂಡು ದುಡ್ಡೂ ಹೋಗಿ ಮೊಣಕೈಯೂ ನೋಯಿಸ್ಕೊಂಡವಳು ನಾನು, ಅದಕ್ಕೇ ಈ ಪತ್ರ.

ಜೆ.ಪಿ. ನಗರದ ಒಂದು ಟೆರೇಸ್ ಕೋರ್ಟಲ್ಲಿ ಎರಡು ವರ್ಷದಿಂದ ಆಡ್ತಿದೀನಿ, ಅದಕ್ಕೆ ಮುಂಚೆ ಶಟಲ್. ಯುಗಾದಿ ಹೊತ್ತಿಗೆ 14 ಎಂಎಂ ದಪ್ಪದ ಹೊಸ ಪ್ಯಾಡಲ್ ತಗೊಂಡೆ. ಅಂಗಡಿಯವ್ರು ಗೋಡೆಗೆ ನಾಲ್ಕು ಸಲ ಬಾಲ್ ಹೊಡೆದು ತೋರಿಸಿದ್ರು, ಸದ್ದು ಠಪ್ ಅಂತ ಚೆನ್ನಾಗಿ ಬಂತು, ನಾನೂ ಒಪ್ಕೊಂಡೆ. ಮೊದಲನೇ ದಿನ ಸ್ಮ್ಯಾಶ್ ಎಲ್ಲ ಬಾಣದ ಥರ ಹೋದ್ವು. ಕಷ್ಟ ಶುರುವಾಗಿದ್ದು ಮೂರನೇ ಶಾಟಲ್ಲಿ.

ಈ ಆಟ ಆಡದೇ ಇರೋರಿಗೆ ಸ್ವಲ್ಪ ಹೇಳ್ಬೇಕು. ಸರ್ವ್ ಒಂದ್ಸಲ ನೆಲಕ್ಕೆ ಬಿದ್ದು ಪುಟಿದ ಮೇಲೇ ಎದುರಿನವ್ರು ಹೊಡೀಬೇಕು, ಅವ್ರು ಹೊಡೆದಿದ್ದು ನಮ್ಮ ಕಡೆ ಪುಟಿದ ಮೇಲೇ ನಾವು ಹೊಡೀಬೇಕು, ಅಷ್ಟೊತ್ತಿಗೆ ಅವ್ರಿಬ್ರೂ ಮುಂದೆ ಬಂದು ಕಿಚನ್ ಗೆರೆ, ಅಂದ್ರೆ ನೆಟ್ಟಿಂದ 7 ಅಡಿ ದೂರದಲ್ಲಿರೋ ಗೆರೆ ಹತ್ರ ನಿಂತಿರ್ತಾರೆ, ಸೋ ನಾವು ಹಿಂದಿನ ಗೆರೆಯಿಂದ ಬಾಲನ್ನ ನಡುವೆ 34 ಇಂಚು ಎತ್ತರ ಇರೋ ನೆಟ್ ದಾಟಿಸಿ ಆಚೆ ಕಡೆ 7 ಅಡಿ ಒಳಗೇ ಮೆತ್ತಗೆ ಇಳಿಸ್ಬೇಕು, ಇದೇ ಆ ಮೂರನೇ ಶಾಟ್. ಚೂರು ಎತ್ತರ ಆದ್ರೂ ಕಾಲ ಬುಡಕ್ಕೆ ಬಡೀತಾರೆ. ನನ್ನ ಹೊಸ ಪ್ಯಾಡಲಲ್ಲಿ ಬಾಲ್ ತಾಗಿದ್ದೇ ತಡ ಚಿಮ್ಮಿಬಿಡೋದು. ನಾನು ಕೈ ಬಿಗಿ ಹಿಡಿದು ತಡೆಯೋಕೆ ಹೋಗಿ ಮೂರು ವಾರಕ್ಕೆ ಮೊಣಕೈ ಹೊರಭಾಗ ನೋಯೋಕೆ ಶುರುವಾಯ್ತು, ಇಡ್ಲಿ ಹಿಟ್ಟಿನ ಪಾತ್ರೆ ಎತ್ತೋಕೂ ಆಗ್ತಿರ್ಲಿಲ್ಲ. ಆಮೇಲೆ ನಮ್ಮ ಜೊತೆ ಆಡೋ ಮೇಷ್ಟ್ರು ಅವ್ರ 16 ಎಂಎಂ ಪ್ಯಾಡಲ್ ಕೊಟ್ಟು "ಒಂದು ಗೇಮ್ ಇದ್ರಲ್ಲಿ ಆಡಿ ನೋಡಮ್ಮ" ಅಂದ್ರು. ಒಳಗಡೆ ಇರೋ ಜೇನುಗೂಡಿನ ಥರದ ಪ್ಲಾಸ್ಟಿಕ್ ತಿರುಳು ದಪ್ಪ ಇದ್ದಷ್ಟೂ ಬಾಲಿನ ವೇಗ ಅಲ್ಲೇ ಒಂದಿಷ್ಟು ಕಮ್ಮಿ ಆಗುತ್ತೆ, ಅವತ್ತು ಕೈಗೇ ಗೊತ್ತಾಯ್ತು.

ಅಲ್ಲಿಂದ ನಾವು ನಾಲ್ಕು ಜನ ಹೊಸ ಪ್ಯಾಡಲ್ ಯಾರು ತಂದ್ರೂ ಸ್ಮ್ಯಾಶ್ ಹೊಡೆದು ನೋಡೋದು ಬಿಟ್ಟಿದೀವಿ. ಮೊದ್ಲು ಕೆಳಗಿನ ಪ್ರಾವಿಷನ್ ಸ್ಟೋರ್ ತಕ್ಕಡಿಲಿ ತೂಕ ನೋಡ್ತೀವಿ. ನನ್ನದಕ್ಕೆ ಬಾಕ್ಸಲ್ಲಿ 225 ಗ್ರಾಂ ಅಂತಿತ್ತು, ಮೇಲೊಂದು ಗ್ರಿಪ್ ಸುತ್ತಿದ್ಮೇಲೆ ತಕ್ಕಡಿ 236 ತೋರಿಸ್ತು, ಆ ಹನ್ನೊಂದು ಗ್ರಾಂ ಎರಡನೇ ಗೇಮ್ ಹೊತ್ತಿಗೆ ಭುಜಕ್ಕೆ ಗೊತ್ತಾಗುತ್ತೆ. ಆಮೇಲೆ ಕಿಚನ್ ಗೆರೆ ಹತ್ರ ನಿಂತು ಹತ್ತು ನಿಮಿಷ ಬರೀ ಡಿಂಕ್, ಅಂದ್ರೆ ಬಾಲನ್ನ ಮೆತ್ತಗೆ ನೆಟ್ ದಾಟಿಸಿ ಆಚೆ ಕಿಚನ್ ಒಳಗೆ ಇಳಿಸೋದು, ಆಮೇಲೆ ಎದುರಿನವ್ರು ಜೋರಾಗಿ ಹೊಡೆದಿದ್ದನ್ನ ಬ್ಲಾಕ್ ಮಾಡೋದು. ಬಾಲ್ ಬೇಕಂತಲೇ ಅಂಚಿಗೆ ತಗೋತೀವಿ, ಆಗ ಪ್ಯಾಡಲ್ ಕೈಯಲ್ಲಿ ಎಷ್ಟು ತಿರುಗುತ್ತೆ ಅಂತ ನೋಡ್ಬೇಕು. ರೂಲ್ ಪ್ರಕಾರ ಉದ್ದ ಅಗಲ ಎರಡೂ ಸೇರಿ 24 ಇಂಚು ದಾಟೋ ಹಾಗಿಲ್ಲ, ಹಂಗಾಗಿ ಉದ್ದ ಜಾಸ್ತಿ ಮಾಡಿದ್ರೆ ಅಗಲ ಕಮ್ಮಿ ಆಗಲೇಬೇಕು, ಉದ್ದದ ಪ್ಯಾಡಲ್ ದೂರದ ಬಾಲಿಗೆ ಸಿಗುತ್ತೆ ಆದ್ರೆ ಪಕ್ಕಕ್ಕೆ ತಾಗಿದ್ರೆ ತಿರುಚ್ಕೊಳುತ್ತೆ. ಹೊಸದಾಗಿ ಕಲಿಯೋರಿಗೆ ಅಗಲದ್ದೇ ವಾಸಿ ಅಂತ ನನ್ನ ಅಭಿಪ್ರಾಯ.

ಇದೆಲ್ಲ ಮೊದಲನೇ ದಿನದ ಮಾತು. ತಿಂಗಳು ಎರಡು ತಿಂಗಳು ಆದ್ಮೇಲೆ ಮತ್ತೆ ನೋಡ್ಬೇಕು. ಕಾರ್ಬನ್ ಮುಖ ಹೊಸದ್ರಲ್ಲಿ ಹೆಬ್ಬೆರಳಿಂದ ಉಜ್ಜಿದ್ರೆ ಸಣ್ಣ ಉಪ್ಪುಕಾಗದದ ಥರ ತರಿತರಿ ಇರುತ್ತೆ, ಸ್ಪಿನ್ ಬರೋದೇ ಅದ್ರಿಂದ, ಆಡ್ತಾ ಆಡ್ತಾ ನಡುಭಾಗ ನುಣುಪಾಗುತ್ತೆ. ತಿರುಳು ಒಳಗೆ ಕುಸಿದಿದ್ರೆ ತೆಂಗಿನಕಾಯಿ ತಟ್ಟಿ ನೋಡೋ ಹಂಗೆ ಗೆಣ್ಣಲ್ಲಿ ತಟ್ಕೊಂಡು ಹೋಗಿ, ಒಂದು ಕಡೆ ಸದ್ದು ಬೇರೆಯಾಗಿ ಕೇಳುತ್ತೆ. ಇನ್ನೊಂದು, ನಮ್ಮ ಬೆಂಗಳೂರು ಸಮುದ್ರ ಮಟ್ಟಕ್ಕಿಂತ 900 ಮೀಟರ್ ಮೇಲಿದೆ, ಗಾಳಿ ತೆಳು ಇರೋದ್ರಿಂದ ಬಾಲ್ ಒಂಚೂರು ಜಾಸ್ತಿನೇ ಓಡುತ್ತೆ, ಡಿಸೆಂಬರ್ ಬೆಳಿಗ್ಗೆ ಚಳಿಗೆ ಪ್ಲಾಸ್ಟಿಕ್ ಬಾಲ್ ಬೇರೆ ಗಟ್ಟಿಯಾಗಿರುತ್ತೆ. ಅದಕ್ಕೇ ನಮ್ಮಲ್ಲಿ ಆಡಿ ನೋಡಿದವ್ರ ಮಾತು ಬೇಕು ಅನ್ನೋದು.

ನಾನು ಆ ಪ್ಯಾಡಲ್ ವಾಪಸ್ ತಗೊಂಡು ಹೋದಾಗ ಕವರ್ ಬಿಚ್ಚಿದ್ಮೇಲೆ ತಗೊಳಲ್ಲ ಅಂದ್ಬಿಟ್ರು. ಬಿಚ್ಚದೇ ಆಡೋದು ಹೆಂಗೆ ಸರ್? ಕೋರ್ಟ್ ನಡೆಸೋರು ನಾಲ್ಕೈದು ಥರದ ಪ್ಯಾಡಲ್ ಇಟ್ಟು ಗಂಟೆಗೆ ಇಷ್ಟು ಅಂತ ಬಾಡಿಗೆ ತಗೊಂಡು ಆಡೋಕೆ ಕೊಡ್ಲಿ, ನಾವು ಸಂತೋಷವಾಗಿ ಕೊಡ್ತೀವಿ. ನೀವೂ ಮುಂದಿನ ಸಲ ಪ್ಯಾಡಲ್ ಬಗ್ಗೆ ಬರೆಯೋ ಮುಂಚೆ ದಯವಿಟ್ಟು ನಿಮ್ಮ ವರದಿಗಾರರ ಕೈಗೆ ಅದನ್ನ ಒಂದು ತಿಂಗಳು ಕೊಟ್ಟು ಆಡಿಸಿ, ಜೊತೆಗೆ ಐವತ್ತು ದಾಟಿದ ಒಬ್ರಿಗೂ ಕೊಡಿ, ನಮ್ಮ ಗುಂಪಲ್ಲಿ ಅರ್ಧಕ್ಕರ್ಧ ಜನ ಆ ವಯಸ್ಸಿನವ್ರೇ. ಮೂರನೇ ಶಾಟ್ ಹೆಂಗೆ ಇಳೀತು, ಕೈ ನೋಯ್ತಾ ಇಲ್ವಾ, ಅಷ್ಟು ಬರೆದ್ರೂ ಸಾಕು.

ಇಂತಿ,
ನಿಮ್ಮ ಓದುಗರಲ್ಲೊಬ್ಬಳು,
ಜೆ.ಪಿ. ನಗರ, ಬೆಂಗಳೂರು