ಅಪ್ಪನನ್ನು ಕರೆದುಕೊಂಡು ಬಾ, ಮಾರಾಯ

ಟೋಕಿಯೊ, ಏಪ್ರಿಲ್ 2025

ಪ್ರೀತಿಯ ಗೆಳೆಯಾ,

ನನ್ನ ಮಗಳು ಒಂದನೇ ಕ್ಲಾಸಿಗೆ ಹೊರಟ ಫೋಟೊ ನೋಡಿ ನೀನು, "ಅಷ್ಟು ದೊಡ್ಡ ಬ್ಯಾಗು ಆ ಪುಟ್ಟ ಬೆನ್ನಿಗೆ ಯಾಕೋ?" ಅಂತ ಕೇಳಿದ್ದೆ. ಎರಡು ಸಾಲಿನಲ್ಲಿ ಹೇಳಿ ಮುಗಿಸುವ ವಿಷಯ ಅಲ್ಲ ಅದು. ಜೊತೆಗೆ ನಿನ್ನಿಂದ ನನಗೊಂದು ಉಪಕಾರ ಆಗಬೇಕು. ಅದಕ್ಕೇ ಈ ಪತ್ರ. ಎಲ್ಲರೂ ಓದುವ ಕಡೆ ಹಾಕುವುದಕ್ಕೂ ಕಾರಣ ಇದೆ. ಮಕ್ಕಳು ಹೊರದೇಶದಲ್ಲಿ, ಅಪ್ಪ ಅಮ್ಮ ಊರಿನಲ್ಲಿ ಇರುವ ಎಷ್ಟೋ ಮನೆಗಳಲ್ಲಿ ಇದೇ ಮಾತು ನಡೆಯುತ್ತಿರುತ್ತದೆ.

ಅಪ್ಪನ ವಿಷಯ ನಿನಗೆ ಗೊತ್ತೇ ಇದೆ. ಅಮ್ಮ ಹೋದ ಮೇಲೆ ಹಾಸನದ ಮನೆಯಲ್ಲಿ ಒಬ್ಬರೇ. ಬೆಳಿಗ್ಗೆ ಮಹಾರಾಜ ಪಾರ್ಕಿನಲ್ಲಿ ವಾಕಿಂಗ್, ಆಮೇಲೆ ಪೇಪರ್, ಸಂಜೆ ನಿಮ್ಮ ಮನೆ ಜಗಲಿ. ಇಲ್ಲಿಗೆ ಬನ್ನಿ ಅಂದಾಗಲೆಲ್ಲ ಒಂದೇ ಉತ್ತರ: "ಅಲ್ಲಿ ಬಂದು ನಾನೇನಪ್ಪ ಮಾಡ್ಲಿ? ಭಾಷೆ ಬರಲ್ಲ, ಜನ ಗೊತ್ತಿಲ್ಲ. ನಾಲ್ಕು ಗೋಡೆ ಮಧ್ಯೆ ಕೂತಿರ್ಬೇಕು." ಫೋನಿನಲ್ಲಿ ನಾನು ಎಷ್ಟು ಹೇಳಿದರೂ ಅವರಿಗೆ ನಂಬಿಕೆ ಬರುತ್ತಿಲ್ಲ. ನಿನ್ನ ಮಾತಾದರೆ ಕೇಳುತ್ತಾರೆ. ಇಲ್ಲಿ ನಮ್ಮ ದಿನ ಹೇಗಿರುತ್ತದೆ, ಎಲ್ಲೆಲ್ಲಿ ನಡೆದಾಡುತ್ತೇವೆ ಅಂತ ಬರೆಯುತ್ತೇನೆ. ಅವರ ಮುಂದೆ ಕೂತು ಓದಿ ಹೇಳು.

ಮೊದಲು ಆ ಬ್ಯಾಗು. ಅದಕ್ಕೆ ರಾಂದೊಸೆರು ಅನ್ನುತ್ತಾರೆ. ಪೆಟ್ಟಿಗೆ ಆಕಾರ, ಗಟ್ಟಿ ಹೊಲಿಗೆ. ಒಂದನೇ ಕ್ಲಾಸಿಗೆ ಕೊಂಡರೆ ಆರನೇ ಕ್ಲಾಸಿನವರೆಗೂ ಅದೇ. ಬೆಲೆಯೂ ಜಾಸ್ತಿ. ಹಾಗಾಗಿ ಇಲ್ಲಿಯ ಬಹಳ ಮನೆಗಳಲ್ಲಿ ಅದನ್ನು ಅಜ್ಜ ಅಜ್ಜಿ ಕೊಡಿಸುತ್ತಾರೆ. ಮಾತಿನ ಮಧ್ಯೆ ಇದನ್ನು ಹೇಳಿದ್ದೇ ತಡ, ಅಪ್ಪ "ಹಂಗಾದ್ರೆ ನಾನೇ ಕೊಡಿಸ್ಬೇಕು" ಅಂತ ಪಟ್ಟು ಹಿಡಿದರು. ಪಿಂಚಣಿ ದುಡ್ಡು ಬೇಡ ಅಂದರೂ ಕೇಳಲಿಲ್ಲ. ಮಗಳು ತಿಳಿ ನೀಲಿ ಬಣ್ಣದ್ದು ಆರಿಸಿಕೊಂಡಳು. ಮನೆಗೆ ಯಾರೇ ಬರಲಿ, ಮೊದಲು ಅದನ್ನು ತಂದು ತೋರಿಸಿ "ನಮ್ಮ ತಾತ ಕೊಡಿಸಿದ್ದು" ಅನ್ನುತ್ತಾಳೆ. ತಾತ ಮಾತ್ರ ಅದನ್ನು ಮೊಬೈಲಿನಲ್ಲಿ ಬಿಟ್ಟರೆ ಬೇರೆಲ್ಲೂ ನೋಡಿಲ್ಲ.

ನಮ್ಮ ಸುತ್ತಮುತ್ತಲಿನ ಭಾರತೀಯರು ಹೆಚ್ಚಾಗಿ ಇಲ್ಲಿರುವ ಇಂಡಿಯನ್ ಸ್ಕೂಲ್‌ಗಳಿಗೇ ಮಕ್ಕಳನ್ನು ಸೇರಿಸುತ್ತಾರೆ. ನಾವು ಯೋಚನೆ ಮಾಡಿ ಮನೆ ಹತ್ತಿರದ ಸರ್ಕಾರಿ ಶಾಲೆಗೇ ಹಾಕಿದೆವು. ಹೊರಗಿನವರ ಮಕ್ಕಳಿಗೆ ಇಲ್ಲಿ ಶಾಲೆ ಕಡ್ಡಾಯ ಇಲ್ಲ. ಆದರೆ ಸೇರಿಸುತ್ತೇವೆ ಅಂದರೆ ಫೀಸಿಲ್ಲದೆ ಸೇರಿಸಿಕೊಳ್ಳುತ್ತಾರೆ. ಆಡುವ ಮಕ್ಕಳು, ಓದುವ ಮಕ್ಕಳು, ಬೀದಿಯಲ್ಲಿ ಸಿಗುವ ಮಕ್ಕಳು ಎಲ್ಲ ಒಂದೇ ಆಗಿರಲಿ ಅನ್ನುವುದು ನಮ್ಮ ಆಸೆ.

ಶಾಲೆಯವರು ಕೊಟ್ಟ ಪಟ್ಟಿ ನೋಡಬೇಕಿತ್ತು ನೀನು! ಪ್ರತಿಯೊಂದು ವಸ್ತುವಿನ ಮೇಲೂ ಮಗುವಿನ ಹೆಸರು ಇರಬೇಕು. ಪೆನ್ಸಿಲ್ ಒಂದೊಂದಕ್ಕೂ. ಲೆಕ್ಕ ಕಲಿಯುವ ಡಬ್ಬಿಯಲ್ಲಿ ಎಣಿಸುವ ಪುಟ್ಟ ಬಿಲ್ಲೆಗಳು, ಕಡ್ಡಿಗಳು ಇರುತ್ತವೆ. ಅವುಗಳಲ್ಲೂ ಒಂದೊಂದಕ್ಕೂ. ಅಕ್ಕಿಕಾಳಿನಷ್ಟು ಅಗಲದ ಸ್ಟಿಕ್ಕರ್, ಅದರ ಮೇಲೆ ಹೆಸರು. ಬೆರಳಿನಲ್ಲಿ ಹಿಡಿದರೆ ಬೆರಳಿಗೇ ಅಂಟಿಕೊಳ್ಳುತ್ತದೆ. ರಾತ್ರಿ ಮಗಳು ಮಲಗಿದ ಮೇಲೆ ನನ್ನ ಹೆಂಡತಿ ಚಿಮುಟದಲ್ಲಿ ಎತ್ತಿ ಕೊಡುವುದು, ನಾನು ಕಡ್ಡಿಗೆ ಒತ್ತಿ ಅಂಟಿಸುವುದು. ನೆಲ ಒರೆಸುವ ಬಟ್ಟೆಯನ್ನೂ ಕಳಿಸಬೇಕು, ಏಕೆಂದರೆ ತರಗತಿಯನ್ನು ಮಕ್ಕಳೇ ಗುಡಿಸಿ ಒರೆಸುತ್ತಾರೆ. ಇವಳು ಹಳೆ ಟವೆಲ್ ಮಡಿಸಿ ಕೈಯಲ್ಲೇ ಹೊಲಿದಳು. ಮದುವೆಯಾದ ಮೇಲೆ ನಾವಿಬ್ಬರೂ ಟಿವಿ ಇಲ್ಲದೆ, ಮೊಬೈಲ್ ಇಲ್ಲದೆ ಅಷ್ಟು ಹೊತ್ತು ಎದುರುಬದುರು ಕೂತು ಮಾತಾಡಿದ್ದು ಆ ರಾತ್ರಿಗಳಲ್ಲೇ ಇರಬೇಕು.

ಈಗ ನಡಿಗೆಯ ವಿಷಯಕ್ಕೆ ಬರುತ್ತೇನೆ. ಇಲ್ಲಿ ಸರ್ಕಾರಿ ಶಾಲೆಯ ಮಕ್ಕಳು ನಡೆದೇ ಹೋಗುತ್ತಾರೆ. ಸ್ಕೂಲ್ ವ್ಯಾನ್ ಇಲ್ಲ, ಗೇಟಿನವರೆಗೆ ಗಾಡಿಯಲ್ಲಿ ಬಿಡುವ ಅಭ್ಯಾಸವೂ ಇಲ್ಲ. ಅಪ್ಪ ಅಮ್ಮ ಇಲ್ಲದೆ ಮಕ್ಕಳೇ ಹೋಗಿ ಬರುತ್ತಾರೆ, ಆರು ವರ್ಷದವರೂ! ಶಾಲೆ ಶುರುವಾಗುವ ಮೊದಲು ಮಗುವಿನ ಜೊತೆ ಆ ದಾರಿಯಲ್ಲಿ ನಡೆದು ಅಭ್ಯಾಸ ಮಾಡಿಸಿ ಅಂತ ಹೇಳಿ ಕಳಿಸಿದರು. ಹಾಗಾಗಿ ನಮ್ಮ ಈ ವರ್ಷದ ವಸಂತ ಪೂರ್ತಿ ಆ ದಾರಿಯಲ್ಲೇ ಕಳೆಯಿತು. ಮಾರ್ಚಿನ ಶನಿವಾರ, ಭಾನುವಾರ ತಿಂಡಿ ಆದ ಮೇಲೆ ಮೂವರೂ ಹೊರಡುವುದು. ಮಗಳು ಮುಂದೆ, ನಾವು ಹಿಂದೆ.

ನನಗೆ ಮೊದಮೊದಲು ಎದೆ ಡವಡವ ಅನ್ನುತ್ತಿತ್ತು. ನಡೆಯುತ್ತಾ ನಡೆಯುತ್ತಾ ಒಂದೊಂದೇ ಕಣ್ಣಿಗೆ ಬಿತ್ತು. ಕೆಲವು ಮನೆ, ಅಂಗಡಿಗಳ ಬಾಗಿಲಲ್ಲಿ "ಮಕ್ಕಳ 110ರ ಮನೆ" ಅಂತ ಬರೆದ ಒಂದು ಸ್ಟಿಕ್ಕರ್ ಇರುತ್ತದೆ. 110 ಅಂದರೆ ಇಲ್ಲಿ ಪೊಲೀಸರ ನಂಬರು. ಮಕ್ಕಳಿಗೆ ಭಯವಾದರೆ, ಯಾರಾದರೂ ಹಿಂದೆ ಬಿದ್ದರೆ, ಓಡಿ ಬಂದು ಸೇರಿಕೊಳ್ಳಬಹುದಾದ ಮನೆ ಅದು ಅಂತ ಆ ಸ್ಟಿಕ್ಕರಿನ ಅರ್ಥ. ಮಗಳು ದಾರಿಯುದ್ದಕ್ಕೂ ಅವನ್ನು ಹುಡುಕಿ ತೋರಿಸುತ್ತಾಳೆ. ಒಂದನೇ ಕ್ಲಾಸಿನ ಮಕ್ಕಳ ಟೋಪಿ ಹಳದಿ, ಬ್ಯಾಗಿನ ಮೇಲಿನ ಕವರೂ ಹಳದಿ, ದೂರದಿಂದಲೇ ಡ್ರೈವರಿಗೆ ಕಾಣಲಿ ಅಂತ. ಬ್ಯಾಗಿನ ಪಟ್ಟಿಯಲ್ಲಿ ಎಳೆದರೆ ಜೋರಾಗಿ ಕೂಗುವ ಒಂದು ಬಜರ್. ಸಿಗ್ನಲ್ ಹತ್ತಿರ ವಯಸ್ಸಾದವರು ಹಳದಿ ಬಾವುಟ ಹಿಡಿದು ನಿಂತಿರುತ್ತಾರೆ. ಆ ಪಾಳಿ ನಮಗೂ ಬರುತ್ತದೆ. ರಸ್ತೆ ದಾಟುವಾಗ ಮಗಳು ಬಲಗೈಯನ್ನು ಕಿವಿಗೆ ಒತ್ತಿ ನೇರ ಮೇಲೆತ್ತುತ್ತಾಳೆ. ಬಲಕ್ಕೆ ನೋಡಿ, ಎಡಕ್ಕೆ ನೋಡಿ, ಮತ್ತೆ ಬಲಕ್ಕೆ ನೋಡಿ, ಆಮೇಲೆ ಹೆಜ್ಜೆ. ಆ ಪುಟ್ಟ ಕೈಗೆ ಟ್ರಕ್ಕೂ ನಿಲ್ಲುತ್ತದೆ ಕಣೋ. ನಮ್ಮೂರಲ್ಲಿ ಇದು ಆಗುವುದಿಲ್ಲ ಅಂತ ನಾನು ಹೇಳುವುದಿಲ್ಲ. ನಾವು ಯಾರೂ ಇನ್ನೂ ಮಾಡಿಲ್ಲ, ಅಷ್ಟೇ.

ಬಾವುಟ ಹಿಡಿದು ನಿಲ್ಲುವ ಒಬ್ಬ ಅಜ್ಜಿಯ ಬಗ್ಗೆ ಹೇಳಲೇಬೇಕು. ನಮ್ಮ ಕಟ್ಟಡದವರೇ. ನನ್ನ ಜಪಾನಿ ಭಾಷೆ ಅಷ್ಟಕ್ಕಷ್ಟೆ, ಮಗಳದ್ದು ಸರಾಗ. ಹಾಗಾಗಿ ಅವರಿಬ್ಬರದೇ ಮಾತು, ನಾನು ಕೇಳುವವನು. ಈ ಸಲ ಯುಗಾದಿ ಮಾರ್ಚ್ 30ಕ್ಕೆ, ಭಾನುವಾರ ಬಂತಲ್ಲ, ಅದೇ ದಿನ ಟೋಕಿಯೊದಲ್ಲಿ ಚೆರಿ ಹೂವು ಪೂರ್ತಿ ಅರಳಿತು ಅಂತ ಹವಾಮಾನ ಇಲಾಖೆ ಘೋಷಿಸಿತು. ಅದಕ್ಕೂ ಇಲ್ಲಿ ಲೆಕ್ಕ ಇದೆ. ಯಾಸುಕುನಿ ದೇಗುಲದ ಆವರಣದಲ್ಲಿ ಒಂದು ಗೊತ್ತಾದ ಮರ. ಅದರಲ್ಲಿ ಐದಾರು ಹೂವು ಬಿಟ್ಟರೆ ಊರಿಗೆಲ್ಲ ಹೂವು ಶುರುವಾಯಿತು ಅಂತ ಅರ್ಥ. ನೂರಕ್ಕೆ 80 ಭಾಗ ಬಿರಿದರೆ ಪೂರ್ತಿ ಅರಳಿತು ಅಂತ. ಟೋಕಿಯೊದಲ್ಲಿ ಕಾಣುವ ಹೆಚ್ಚಿನ ಮರಗಳು ಸೊಮೆಇ ಯೊಶಿನೊ ಅನ್ನುವ ಒಂದೇ ತಳಿಯವು, ಎಲ್ಲ ಕಸಿ ಕಟ್ಟಿ ಬೆಳೆಸಿದವು. ಅದಕ್ಕೇ ಬೀದಿ ಬೀದಿಯೆಲ್ಲ ಒಟ್ಟಿಗೆ ಅರಳುತ್ತವೆ, ಒಟ್ಟಿಗೆ ಉದುರುತ್ತವೆ. 2023ರಲ್ಲಿ ಮಾರ್ಚ್ 14ಕ್ಕೇ ಹೂವು ಶುರುವಾಗಿತ್ತು. ಏಪ್ರಿಲ್‌ನಲ್ಲಿ ಶಾಲೆ ತೆರೆಯುವಷ್ಟರಲ್ಲಿ ಬರೀ ಎಲೆ. ಈ ವರ್ಷ ಹೂವು ಬಂದ ಮೇಲೆ ಮತ್ತೆ ಚಳಿ ಹಿಡಿಯಿತು, ಹಾಗಾಗಿ ಮಗಳ ಮೊದಲ ದಿನಕ್ಕೂ ಉಳಿದಿತ್ತು.

ಯುಗಾದಿಗೆ ಬೇವಿನ ಹೂವು ಎಲ್ಲಿಂದ ತರುವುದು? ಆ ಅಜ್ಜಿಗೆ ಮಗಳು "ನಮ್ಮ ಹೊಸ ವರ್ಷಕ್ಕೆ ಕಹಿ ತಿನ್ನಬೇಕು" ಅಂತ ಹೇಳಿದಳಂತೆ. ಅಜ್ಜಿಗೆ ಒಂದಿಷ್ಟೂ ಆಶ್ಚರ್ಯ ಆಗಲಿಲ್ಲ. ವಸಂತದಲ್ಲಿ ತಟ್ಟೆಗೆ ಕಹಿ ಬಡಿಸಬೇಕು ಅನ್ನುವ ಮಾತು ಇವರಲ್ಲೂ ಇದೆ! ಚಳಿಗಾಲದಲ್ಲಿ ಜಡ್ಡುಗಟ್ಟಿದ ಮೈಗೆ ಒಳ್ಳೆಯದು ಅಂತ ಈ ತಿಂಗಳುಗಳಲ್ಲಿ ಕಹಿ ಚಿಗುರು, ಕಹಿ ಮೊಗ್ಗು ಹುಡುಕಿ ತಿನ್ನುತ್ತಾರೆ. ಅಜ್ಜಿ ಹೇಳಿದ್ದು ನಾನೊಹಾನಾ, ಅಂದರೆ ನಮ್ಮ ಸಾಸಿವೆ ಜಾತಿಯ ಗಿಡದ ಮೊಗ್ಗು. ತರಕಾರಿ ಅಂಗಡಿಯಲ್ಲೇ ಕಟ್ಟು ಕಟ್ಟಾಗಿ ಸಿಗುತ್ತದೆ, ತೆಳು ಕಹಿ. ಇವಳು ಅದರ ಎಳೆ ಹೂವು ಬಿಡಿಸಿ, ಒಕಿನಾವಾದ ಕಪ್ಪು ಬೆಲ್ಲ ಪುಡಿ ಮಾಡಿ ಬೆರೆಸಿದಳು. ದೇವರ ಮುಂದಿಟ್ಟು ತಿಂದೆವು. ಅಜ್ಜಿಗೂ ಒಂದು ಬಟ್ಟಲು, ಜೊತೆಗೆ ಎರಡು ಒಬ್ಬಟ್ಟು. ಸಂಜೆ ಅವರು ಬಟ್ಟಲನ್ನು ಖಾಲಿ ವಾಪಸ್ ಕೊಡಲಿಲ್ಲ. ಉಪ್ಪಿನಲ್ಲಿ ಊರಿಸಿದ ಚೆರಿ ಎಲೆ ಸುತ್ತಿದ ಸಕುರಾ ಮೊಚಿ ಇಟ್ಟು ಕೊಟ್ಟರು. ಒಳಗೆ ಸಿಹಿ ಹೂರಣ, ಹೊರಗೆ ಉಪ್ಪುಪ್ಪು ಎಲೆ. ಅಮ್ಮ ಇದ್ದಿದ್ದರೆ ಅವರಿಬ್ಬರಿಗೂ ಭಾಷೆಯೇ ಬೇಕಾಗುತ್ತಿರಲಿಲ್ಲ. ಜನ ಗೊತ್ತಿಲ್ಲ ಅಂತಾರಲ್ಲ ಅಪ್ಪ, ಇದನ್ನು ಎರಡು ಸಲ ಓದು.

ಇನ್ನು ಅಪ್ಪನಿಗಾಗಿಯೇ ಬರೆಯುವುದು. ಗೊರೂರು ಅಣೆಕಟ್ಟೆಯಲ್ಲಿ ಕೆಲಸ ಮಾಡಿದ ಮನುಷ್ಯ. ನೀರು ಕಂಡರೆ ನಿಂತು ನೋಡುವವರು. ನಾವಿರುವ ಎದೊಗಾವಾ ವಾರ್ಡು ಪೂರ್ತಿ ನೀರಿನ ಕತೆಯೇ. ಉಬ್ಬರದ ಹೊತ್ತಿಗೆ ಇಲ್ಲಿಯ ನೆಲದ ಹತ್ತರಲ್ಲಿ ಏಳು ಪಾಲು ಸಮುದ್ರ ಮಟ್ಟಕ್ಕಿಂತ ಕೆಳಗಿರುತ್ತದೆ. ನಮ್ಮ ಮನೆಯಿಂದ ನಡೆದು ಹೋದರೆ ದಂಡೆ, ದಂಡೆ ಹತ್ತಿದರೆ ನಾಕಾಗಾವಾ, ಅದರಾಚೆ ಅರಾಕಾವಾ. ಆ ಅಗಲ ನೋಡಿ ನಾನು ಹುಟ್ಟು ನದಿ ಅಂದುಕೊಂಡಿದ್ದೆ. ಈ ಭಾಗವನ್ನು ಮನುಷ್ಯರು ಅಗೆದದ್ದು! 1910ರಲ್ಲಿ ದೊಡ್ಡ ಪ್ರವಾಹ ಬಂದು ಟೋಕಿಯೊ ಮುಳುಗಿತು. ಆಮೇಲೆ ಪ್ರವಾಹದ ನೀರನ್ನು ಬೇರೆ ದಾರಿಯಲ್ಲಿ ಸಮುದ್ರಕ್ಕೆ ಬಿಡಬೇಕು ಅಂತ ಸುಮಾರು 22 ಕಿಲೋಮೀಟರ್ ಉದ್ದ, ಅರ್ಧ ಕಿಲೋಮೀಟರ್ ಅಗಲದ ಹೊಸ ಪಾತ್ರ ತೋಡಿದರು. 1930ರಲ್ಲಿ ಮುಗಿಯಿತು. ಆ ಕೆಲಸ ನಡೆಸಿದ ಅಓಯಾಮಾ ಅಕಿರಾ ಅನ್ನುವ ಎಂಜಿನಿಯರ್ ಅದಕ್ಕೆ ಮೊದಲು ಪನಾಮಾ ಕಾಲುವೆಯಲ್ಲಿ ದುಡಿದು ಬಂದವರು. ಅಲ್ಲಿ ಕೆಲಸ ಮಾಡಿದ ಜಪಾನಿ ಎಂಜಿನಿಯರ್ ಅವರೊಬ್ಬರೇ. ಅಪ್ಪನಿಗೆ ಇಷ್ಟು ಹೇಳು, ಸಾಕು. ಮುಂದಿನ ಪ್ರಶ್ನೆ ಅವರೇ ಕೇಳುತ್ತಾರೆ.

ಫುರುಕಾವಾ ಅಂತ ಇನ್ನೊಂದಿದೆ. ಹಿಂದೆ ದೋಣಿ ಓಡಾಡುತ್ತಿದ್ದ ಹಳೇ ಕಾಲುವೆ. ಊರು ಬೆಳೆದು, ಮನೆಗಳ ಕೊಳಚೆ ಎಲ್ಲ ಸೇರಿ, ನಾತ ಹೊಡೆಯುವ ಚರಂಡಿ ಆಗಿತ್ತಂತೆ. ಮೇಲೆ ಮುಚ್ಚಿ ರಸ್ತೆ ಮಾಡದೆ, ಕೊಳಚೆಗೆ ಬೇರೆ ದಾರಿ ಮಾಡಿ, ಕಾಲುವೆಗೆ ತಿಳಿ ನೀರು ಬಿಟ್ಟರು. 1973ರಲ್ಲಿ ಅದು ಪಾರ್ಕ್ ಆಯಿತು. ನೀರಿಗಿಳಿದು ಆಡುವ ಇಂಥ ಪಾರ್ಕ್ ಜಪಾನಿನಲ್ಲೇ ಅದು ಮೊದಲನೆಯದು. ಒಂದು ಕಿಲೋಮೀಟರಿಗೂ ಉದ್ದ, ಪಕ್ಕದಲ್ಲಿ ಮರ, ಕೂರಲು ಬೆಂಚು. ಬೇಸಿಗೆಯಲ್ಲಿ ಮಕ್ಕಳು ಕಾಲು ಇಳಿಬಿಟ್ಟು ಕೂತಿರುತ್ತಾರೆ. ಬೆಂಗಳೂರಿನ ರಾಜಕಾಲುವೆಗಳ ಸುದ್ದಿ ಓದಿದಾಗಲೆಲ್ಲ ನನಗೆ ಈ ಜಾಗದ್ದೇ ನೆನಪು. ಮನಸ್ಸು ಮಾಡಿದರೆ ಆಗದ ಕೆಲಸವಲ್ಲ, ಅಲ್ವಾ?

ಬೆಳಿಗ್ಗೆ ವಾಕಿಂಗ್ ತಪ್ಪಿಹೋಗುತ್ತೆ ಅನ್ನುವ ಚಿಂತೆ ಬೇಡ. ಇಲ್ಲಿಯ ಪಾರ್ಕುಗಳಲ್ಲಿ ಆರೂವರೆಗೆ ವಯಸ್ಸಾದವರು ಸೇರುತ್ತಾರೆ. ರೇಡಿಯೊದಲ್ಲಿ ಪಿಯಾನೊ ಸಂಗೀತ ಬರುತ್ತದೆ, ಅದಕ್ಕೆ ತಕ್ಕ ಹಾಗೆ ಕೈ ಬೀಸುವುದು, ಸೊಂಟ ಬಗ್ಗಿಸುವುದು, ಹತ್ತು ನಿಮಿಷ. 1928ರಿಂದ ನಡೆದುಬಂದ ರೂಢಿ. ಅಪ್ಪನಿಗೆ ಭಾಷೆಯೇ ಬೇಕಿಲ್ಲ, ಮುಂದಿನವರನ್ನು ನೋಡಿ ಮಾಡಿದರಾಯಿತು. ನೆಲ ಸಪಾಟು, ಏರುತಗ್ಗು ಇಲ್ಲ. ಪಾರ್ಕುಗಳಲ್ಲಿ ಟಾಯ್ಲೆಟ್ ಇದೆ, ಚೊಕ್ಕವಾಗಿರುತ್ತದೆ. ಮಂಡಿನೋವಿನವರಿಗೆ ಇದೇ ದೊಡ್ಡ ವಿಷಯ ಅಂತ ನಿನಗೆ ಗೊತ್ತು. ನಿಶಿ ಕಸಾಯ್ ಸ್ಟೇಷನ್ ಸುತ್ತ ನಮ್ಮ ದಿನಸಿ ಅಂಗಡಿಗಳಿವೆ. ರಾಗಿ ಹಿಟ್ಟು ಸಿಗುತ್ತದೆ. ಮುದ್ದೆ ತಪ್ಪುವುದಿಲ್ಲ.

ಈಗ ಕೆಲಸದ ಮಾತು. ಮುಂದಿನ ಏಪ್ರಿಲ್‌ನಲ್ಲಿ ನಿನ್ನ ಮಗನಿಗೆ ರಜೆ ಸಿಕ್ಕ ಕೂಡಲೇ ನೀವೆಲ್ಲ ಹೊರಡಿ, ಅಪ್ಪನನ್ನೂ ಜೊತೆಗೆ ಹೊರಡಿಸು. ಒಬ್ಬರೇ ವಿಮಾನ ಹತ್ತಲು ಅವರು ಒಪ್ಪುವುದಿಲ್ಲ, ನಿನ್ನ ಜೊತೆ ಆದರೆ ಬರುತ್ತಾರೆ. ಬೆಂಗಳೂರಿನಿಂದ ನರಿತಾಕ್ಕೆ ನೇರ ವಿಮಾನ ಇದೆ. ಆ ಹೊತ್ತಿಗೆ ಸಾಮಾನ್ಯವಾಗಿ ಮಾಮೂಲಿ ಚೆರಿ ಉದುರಿರುತ್ತದೆ. ಆದರೆ ಶಿಂಜುಕು ಗ್ಯೊಎನ್ ತೋಟದಲ್ಲಿ ಸುತ್ತು ಸುತ್ತು ಎಸಳಿನ, ತಡವಾಗಿ ಅರಳುವ ಜಾತಿಗಳು ಸಿಗುತ್ತವೆ. ಆಮೇಲೆ ಕಮೆಇದೊ ತೆಂಜಿನ್ ದೇಗುಲದಲ್ಲಿ ಕೊಳದ ಮೇಲೆ ನೇರಳೆ ಗೊಂಚಲು ಇಳಿಬಿಡುವ ಫುಜಿ ಹೂವು. ನನ್ನನ್ನು ಕೇಳಿದರೆ ಚೆರಿಗಿಂತ ಅದೇ ಚೆಂದ. ಮಾರ್ಚಿನಲ್ಲಿ ಬರಬೇಡಿ ಅನ್ನಲು ಇನ್ನೊಂದು ಕಾರಣವೂ ಇದೆ. ಎರಡನೇ ಮಹಾಯುದ್ಧ ಮುಗಿದ ಮೇಲೆ ಬೆಟ್ಟಗಳ ತುಂಬ ನೆಟ್ಟ ಸುಗಿ ಮರಗಳ ಪರಾಗ ಆಗ ಗಾಳಿಯಲ್ಲಿ ತುಂಬಿರುತ್ತದೆ. ಇಲ್ಲಿ ಹತ್ತರಲ್ಲಿ ನಾಲ್ಕು ಜನಕ್ಕೆ ಸೀನು, ಕಣ್ಣುರಿ. ಇವಳಿಗೂ ಅದೇ ಕಾಟ. ಏಪ್ರಿಲ್ ಕೊನೆಯ ರಜೆಗಳಿಗೆ ಮೊದಲೇ ಬಂದುಬಿಡಿ. ಆಗ ಎಲ್ಲೆಲ್ಲೂ ಜಾತ್ರೆ, ಟಿಕೆಟ್ ದುಬಾರಿ.

ನೀವು ಮೂವರೂ ರಜೆ ಮುಗಿದಂತೆ ವಾಪಸ್ ಹೋಗಿ. ಅಪ್ಪ ಉಳಿಯಲಿ. ನೆಂಟರಿಗೆ 90 ದಿನದವರೆಗೆ ವೀಸಾ ಸಿಗುತ್ತದೆ, ನನ್ನ ಕಡೆಯ ಕಾಗದಪತ್ರ ನಾನು ಕಳಿಸುತ್ತೇನೆ. ವಾಪಸ್ ನಾನೇ ಬಂದು ಬಿಡುತ್ತೇನೆ. ಹಸಿ ಮಾವಿನಕಾಯಿ, ಕರಿಬೇವು ಕಟ್ಟಿಕೊಂಡು ಬರಬೇಡಿ, ಏರ್‌ಪೋರ್ಟಿನಲ್ಲೇ ತೆಗೆದಿಟ್ಟುಕೊಳ್ಳುತ್ತಾರೆ. ಚಟ್ನಿಪುಡಿ ತನ್ನಿ. ಅಪ್ಪನ ಪಾಸ್‌ಪೋರ್ಟ್ ಗೋದ್ರೆಜ್ ಬೀರುವಿನ ಮೇಲಿನ ಖಾನೆಯಲ್ಲಿ, ಅಮ್ಮನ ಸೀರೆಗಳ ಕೆಳಗಿದೆ. ಅವಧಿ ಯಾವಾಗ ಮುಗಿಯುತ್ತದೆ ಅಂತ ಈ ವಾರವೇ ನೋಡಿ ಹೇಳು.

ನಿನ್ನ ಗೆಳೆಯ